ರಿಜಿಸ್ಟರಿನ ಅಂಚಿನಲ್ಲಿ "ಸೀಸೆ ಇಲ್ಲ"

ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಯನ್ನು ಮೊದಲು ಕೇಳುತ್ತಿದ್ದುದು ಏನು ಕಾಯಿಲೆ ಎಂದಲ್ಲ, "ಸೀಸೆ ತಂದಿದೀಯ?" ಎಂದು. ಕುಡಿಯುವ ಔಷಧಿಯನ್ನು ಕಾಂಪೌಂಡರ್ ದೊಡ್ಡ ಜಾಡಿಯಿಂದ ಅಳೆದು ಹುಯ್ಯುತ್ತಿದ್ದರು. ಸೀಸೆಯನ್ನು ರೋಗಿಯೇ ತರಬೇಕು. ತರದವರು ವಾಪಸ್. ಊರಿನ ಹೆಸರು ಬರೆಯುವುದಿಲ್ಲ. ಮಧುಗಿರಿ, ಶಿರಾ ಎರಡೂ ಕಡೆಯ ಬಸ್ಸುಗಳು ಅಲ್ಲಿಗೆ ಬರುತ್ತಿದ್ದವು, ಅಷ್ಟು ಸಾಕು.

ನಾನು ಚೀಟಿ ಬರೆಯುವ ಗುಮಾಸ್ತ. ಕೆಲಸಕ್ಕೆ ಸೇರಿದ ಎರಡನೆಯ ವಾರದಿಂದ, ಸೀಸೆ ಇಲ್ಲದೆ ಹಿಂದಿರುಗಿದವರಿಗೆ ತಲೆಗೊಂದರಂತೆ ಡೈರಿಯಲ್ಲಿ ಗೆರೆ ಹಾಕತೊಡಗಿದೆ. ಸೋಮವಾರ ಏಳು. ಮಂಗಳವಾರ ಹನ್ನೊಂದು.

ಬುಧವಾರ ಬರಗೂರಿನ ಕಡೆಯ ಹೆಂಗಸೊಬ್ಬಳು ಜ್ವರದ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಳು. ಸೀಸೆಯನ್ನೂ ತಂದಿದ್ದಳು. ಕಾಂಪೌಂಡರ್ ಅದನ್ನು ಮೂಸಿ ಮುಖ ಕಿವುಚಿದರು.

"ಸೀಮೆಎಣ್ಣೆ ಕಣಮ್ಮ! ಇದ್ರಾಗೆ ಔಸ್ದಿ ಕುಡ್ಸುದ್ರೆ ನಿನ್ ಮಗ್ಳು ದೀಪ ಇದ್ದಂಗೆ ಉರ್ದುಬುಡ್ತಾಳೆ."

"ಮನೇಲಿರಾದೇ ಒಂದ್ ಸೀಸೆ ಸ್ವಾಮಿ. ಎಣ್ಣೆ ಚೆಂಬಿಗೆ ಬಗ್ಸಿ, ಬೂದಿ ಹಾಕಿ ತೊಳ್ಕಂಡು ಬಂದಿವ್ನಿ."

ಸಾಲಿನಲ್ಲಿ ನಿಂತಿದ್ದ ಅತ್ತರಿನ ಅಂಗಡಿಯ ಸಾಬರು ಜೇಬಿನಿಂದ ಖಾಲಿ ಸೀಸೆಯೊಂದನ್ನು ತೆಗೆದರು. ಹೆಬ್ಬೆರಳಿನಷ್ಟಿತ್ತು. "ತಗೋ ಬೇಟಿ. ಔಷಧಿ ಕಹಿ ಇದ್ರೂ ಬಾಯಿ ಘಮ್ ಅಂತದೆ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ಅದರಲ್ಲಿ ಹಿಡಿದದ್ದು ಒಂದು ಹೊತ್ತಿನ ಔಷಧಿ. ರಿಜಿಸ್ಟರಿನಲ್ಲಿ ಬರೆದದ್ದು, "ಮೂರು ದಿನದ ಔಷಧಿ ಕೊಡಲಾಗಿದೆ". ಬರಿಗೈಯಲ್ಲಿ ಹೋದವರ ಹೆಸರಿನ ಮುಂದೆಯೂ ಅದೇ ಮಾತಿತ್ತು; ಬೇರೆ ಬರೆಯಲು ಕಾಲಂ ಇರಲಿಲ್ಲ.

ಹೀಗೇಕೆ ಬರೆಯುತ್ತೇವೆಂದು ಮಧ್ಯಾಹ್ನ ಡಾಕ್ಟರನ್ನು ಕೇಳಿದೆ. ಅವರು ಫೈಲು ತೆರೆದು ತೋರಿಸಿದರು. ಸೀಸೆ ಕಳಿಸಿ ಎಂದು ಜಿಲ್ಲಾ ಕಚೇರಿಗೆ ಮೂರು ಸಲ ಬರೆದಿದ್ದರು. ಮೂರು ಸಲವೂ ಒಂದೇ ಉತ್ತರ: ರಿಜಿಸ್ಟರಿನ ಪ್ರಕಾರ ಎಲ್ಲರಿಗೂ ಔಷಧಿ ತಲುಪಿದೆ, ಬೇಡಿಕೆಗೆ ಆಧಾರವಿಲ್ಲ.

ಗುರುವಾರ ಬೆಳಿಗ್ಗೆ ರಿಜಿಸ್ಟರಿನ ಅಂಚಿನಲ್ಲಿ ಕೆಂಪು ಶಾಯಿಯಿಂದ ಕಾಲಂ ಎಳೆದು "ಸೀಸೆ ಇಲ್ಲ" ಎಂದು ಬರೆದೆ. ಮೊದಲ ಗೆರೆ ಅದೇ ಹೆಂಗಸಿನದು. ಅತ್ತರಿನ ಸೀಸೆ ಹಿಡಿದು ಮತ್ತೆ ಬಂದಿದ್ದಳು. ಮಗು ಕಣ್ಣು ಬಿಡುತ್ತಿರಲಿಲ್ಲ. ನಾನು ಉಳಿದುಕೊಂಡಿದ್ದ ಕೋಣೆಗೆ ಓಡಿ, ತಲೆಗೆ ಹಚ್ಚುವ ಎಣ್ಣೆಯ ಸೀಸೆಯನ್ನು ಬಿಸಿನೀರಿನಲ್ಲಿ ತೊಳೆದು ತಂದು ತುಂಬಿಸಿಕೊಟ್ಟೆ. ಅದು ನನ್ನ ಸೀಸೆ, ಆಸ್ಪತ್ರೆಯದಲ್ಲ. ಆದ್ದರಿಂದ ಗೆರೆ ಅಳಿಸಲಿಲ್ಲ.

ತಿಂಗಳು ಕಳೆದ ಮೇಲೆ ಜಿಲ್ಲಾ ಅಧಿಕಾರಿಗಳು ತನಿಖೆಗೆ ಬರುವ ಸುದ್ದಿ ಬಂತು. ಹೆಡ್ ಗುಮಾಸ್ತರು ಹೊಸ ರಿಜಿಸ್ಟರನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ಆ ಕೆಂಪು ಕಾಲಂ ಬುಟ್ಟು ಮಿಕ್ಕಿದ್ದೆಲ್ಲ ನಕಲು ಮಾಡಯ್ಯ."

"ಮಾಡಲ್ಲ ಸಾರ್."

"ಪಾವಗಡದಾಚೆ ಎಸೀತಾರೆ ನಿನ್ನ, ಗೊತ್ತಾ?"

"ಅಲ್ಲೂ ಕೆಂಪು ಶಾಯಿ ಸಿಕ್ತದಲ್ಲ ಸಾರ್."

ಹೊಸ ರಿಜಿಸ್ಟರ್ ಖಾಲಿಯೇ ಉಳಿಯಿತು. ಅಧಿಕಾರಿಗಳು ಹಳೆಯದನ್ನೇ ತಿರುವಿದರು. ಅಂಚಿನ ಮೇಲೆ ಬೆರಳಿಟ್ಟು "ಇದೇನು?" ಎಂದರು.

"ಹೊಸಬ ಸಾರ್, ತಪ್ಪು ಮಾಡಿಬಿಟ್ಟಿದ್ದಾನೆ," ಎಂದರು ಹೆಡ್ ಗುಮಾಸ್ತರು.

"ತಪ್ಪಲ್ಲ ಸಾರ್, ಎಣಿಕೆ," ಎಂದೆ.

ಅಧಿಕಾರಿಗಳು ಸಿಟ್ಟಿನಿಂದಲೇ ತನಿಖಾ ಟಿಪ್ಪಣಿ ಬರೆದರು: "ಅನುಮತಿಯಿಲ್ಲದ ಕಾಲಮ್ಮಿನಲ್ಲಿ ಸೀಸೆ ಇಲ್ಲದೆ ಹಿಂದಿರುಗಿದ ಇನ್ನೂರ ಹದಿನಾಲ್ಕು ರೋಗಿಗಳನ್ನು ನಮೂದಿಸಲಾಗಿದೆ. ಗುಮಾಸ್ತನಿಂದ ಸಮಜಾಯಿಷಿ ಪಡೆಯಿರಿ."

ಜೀಪು ಗೇಟು ದಾಟಿದ ಮೇಲೆ ಡಾಕ್ಟರು ಆ ಟಿಪ್ಪಣಿಯನ್ನು ಎರಡು ಸಲ ಓದಿದರು. ನಾಲ್ಕನೆಯ ಬೇಡಿಕೆ ಬರೆದು ಅದನ್ನೇ ಲಗತ್ತಿಸಿದರು. "ಅವರದೇ ಕೈಬರಹ, ಅವರದೇ ರುಜು. ಇನ್ನೆಂಥ ಆಧಾರ ಬೇಕಯ್ಯ?"

ನನ್ನ ಸಮಜಾಯಿಷಿ ಒಂದೇ ಸಾಲು: "ಎಣಿಸಿದ್ದು ನಿಜ; ಕೆಲವರನ್ನು ಬಿಟ್ಟಿರಲೂಬಹುದು."

ಹುಲ್ಲು ಸುತ್ತಿದ ಸೀಸೆಗಳ ಪೆಟ್ಟಿಗೆಯೂ ನನ್ನ ವರ್ಗಾವಣೆಯ ಹುಕುಮೂ ಒಂದೇ ವಾರ ಬಂದವು. ಹೊರಡುವ ಮುಂಚೆ ಬರಗೂರಿನ ಕಡೆಯ ಆ ಹೆಂಗಸು ಬಂದಳು. ಮಗಳು ಪಕ್ಕದಲ್ಲಿ ನಡೆದು ಬಂದಿದ್ದಳು.

"ತಗಳಪ್ಪ ನಿನ್ ಸೀಸೆ. ಸೀಮೆಎಣ್ಣೆ ಹಾಕಿಲ್ಲ ಕಣಪ್ಪ, ಬೇಕಾರೆ ಮೂಸ್ ನೋಡು."

ಗಡಿಯ ಹೊಸ ಆಸ್ಪತ್ರೆಯಲ್ಲಿ ಮೊದಲ ದಿನ ಚೀಟಿಯ ಮೇಜಿನ ಮುಂದೆ ಕುಳಿತೆ. ಪಕ್ಕದ ಕಿಟಕಿಯಲ್ಲಿ ಅಲ್ಲಿನ ಕಾಂಪೌಂಡರ್ ಮೊದಲ ರೋಗಿಯನ್ನು ತೆಲುಗಿನಲ್ಲಿ ಅದೇ ಮಾತು ಕೇಳಿದರು:

"ಸೀಸಾ ತೆಚ್ಚಿನಾವಾ ಅಮ್ಮಾ?"

ನಾನು ಚೀಲದಿಂದ ಕೆಂಪು ಶಾಯಿ ತೆಗೆದೆ.