ಕುರುಮಯ್ಯ ನಡೆಸಿದ ಪರೀಕ್ಷೆ

ತೆಲಂಗಾಣದ ಗಡಿಗೆ ಸೇರಿದ ಮಕ್ತಲ್ ಕಡೆಯ ಒಂದು ಹಳ್ಳಿಯಲ್ಲಿ ಹದಿನೆಂಟು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿರುವ ವೀರಬಸಮ್ಮನಿಗೆ ಸುಳ್ಳು ಹೇಳುವ ರೋಗಿಗಳು ಹೊಸಬರಲ್ಲ. ಗುಳಿಗೆಯನ್ನು ಕೆನ್ನೆಯೊಳಗೆ ಅಡಗಿಸಿಟ್ಟವರನ್ನು ಬಾಯಿ ತೆರೆಸಿ ಹಿಡಿದವಳು ಅವಳು. ಆದರೆ ಕುರುಮಯ್ಯನಂಥ ಪ್ರಾಮಾಣಿಕನ ಜೊತೆ ಏಗುವುದು ಹೇಗೆಂದು ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಕುರುಮಯ್ಯ ಕುರಿ ಕಾಯುವವನು. ಟಿಬಿ ಎಂದು ಗೊತ್ತಾದ ಮೇಲೆ ಎರಡು ತಿಂಗಳು ಚಾಚೂ ತಪ್ಪದೆ ಗುಳಿಗೆ ನುಂಗಿದ್ದ. ಕೆಮ್ಮು ನಿಂತು ಮುಖಕ್ಕೆ ಕಳೆ ಬಂದಿತ್ತು. ಅಷ್ಟರಲ್ಲಿ ಹೈದರಾಬಾದಿನಲ್ಲಿ ಸಂಶೋಧನೆ ಮಾಡುವ ಗದ್ವಾಲದ ಹುಡುಗಿ ಶೈಲಜಾ ಊರಿಗೆ ಬಂದಳು. ಮರದ ಬೊಡ್ಡೆಗೆ ಅಂಟಿ ಬೆಳೆಯುವ ಗಟ್ಟಿ ಅಣಬೆ ಅವಳಿಗೆ ಬೇಕಿತ್ತು. ಅದರ ಸಾರ ಟಿಬಿ ರೋಗಾಣುವನ್ನು ತಡೆಯುತ್ತದೆಯೇ ಎಂದು ನೋಡಬೇಕಂತೆ. ಕುರುಮಯ್ಯನೇ ಹಳೆಯ ಹುಣಸೆ ಮರವೊಂದನ್ನು ತೋರಿಸಿದ. ಅವಳು ಒಯ್ದು ಉಳಿದದ್ದನ್ನು ತನ್ನ ಮನೆಗೆ ತಂದ.

ಮಗಳ ಬಾಣಂತನಕ್ಕೆಂದು ಹೋಗಿದ್ದ ವೀರಬಸಮ್ಮ ಹದಿನಾರು ದಿನದ ಮೇಲೆ ಅವನ ಮನೆಗೆ ಬಂದು ನೋಡಿದರೆ, ಕೊಟ್ಟುಹೋದ ಗುಳಿಗೆ ಕೊಟ್ಟ ಹಾಗೇ ಇದ್ದವು.

“ಯಾಕ ನುಂಗಿಲ್ಲಣ್ಣಾ?”

“ಅಣಬೆ ಕುದಿಸಿ ಕುಡ್ಯಾಕತ್ತೀನಿ ತಂಗಿ. ಎರಡೂ ತಗೊಂಡ್ರ ಯಾವುದ್ರಿಂದ ಗುಣ ಆತು ಅಂತ ಹ್ಯಾಂಗ ಗೊತ್ತಾಗಬೇಕು? ಕುರಿಗೂ ನಾನು ಒಮ್ಮೆಗೆ ಒಂದ ಮದ್ದು ಹಾಕೋದು. ಆ ಶೈಲಮ್ಮಗ ಖರೇ ಹೇಳಬೇಕಲ್ಲ!”

ವೀರಬಸಮ್ಮ ಹಣೆ ಹಣೆ ಚಚ್ಚಿಕೊಂಡಳು. ಅಲ್ಲೇ ಶೈಲಜಾಗೆ ಫೋನು ಹಚ್ಚಿ ಅವನ ಮುಂದೆ ಹಿಡಿದಳು. ವಿಷಯ ಕೇಳಿ ಆ ಹುಡುಗಿ ಹೌಹಾರಿದಳು.

“ಕಾಕಾ, ಕುಡೀಬ್ಯಾಡ್ರಿ! ಗಾಜಿನ ತಟ್ಟಿಯೊಳಗ ರೋಗಾಣು ಬೆಳಿಯೋದು ಕಮ್ಮಿ ಆಗತೈತೇನು ಅಂತ ನೋಡಾಕತ್ತೀನಿ, ಅಷ್ಟ. ಮನುಷ್ಯಾರಿಗೆ ಮದ್ದು ಆಗಾಕ ಇನ್ನೂ ಹತ್ತು ವರ್ಷ ಬೇಕು. ಆಗದೇ ಹೋಗಬಹುದು. ಗುಳಿಗಿ ಬಿಡಬ್ಯಾಡ್ರಿ!”

“ಹತ್ತು ವರ್ಷ ನೀ ಯಾಕ ಒದ್ದಾಡ್ತಿ ಅವ್ವಾ? ನಾನು ತಿಂಗಳದಾಗ ಮುಗಿಸಿಕೊಡ್ತೀನಿ.”

ವೀರಬಸಮ್ಮನ ಸಿಟ್ಟು ನೆತ್ತಿಗೇರಿತು. “ಅರ್ಧಕ್ಕ ಬಿಟ್ಟ್ರ ರೋಗ ತಿರುಗಿ ಬರ್ತೈತಿ. ಆಗ ಈ ಗುಳಿಗಿಗೂ ಬಗ್ಗಂಗಿಲ್ಲ. ಸಾಯ್ತೀಯಣ್ಣಾ!”

“ಕೆಮ್ಮೇ ಇಲ್ಲಲ್ಲ ತಂಗಿ” ಎಂದು ಅವನು ನಕ್ಕ. ಆ ನಗುವಿಗೆ ಅವಳಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಒಳಗಿನಿಂದ ಯಾರೋ ಕೆಮ್ಮಿದರು. ಕುರುಮಯ್ಯನ ಹೆಂಡತಿ ನರಸಿಂಹಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಬಾಗಿಲಿಗೆ ಬಂದಳು.

“ಎಷ್ಟು ದಿನದಿಂದ ಐತಿ ಇದು?” ವೀರಬಸಮ್ಮ ಕೇಳಿದಳು.

“ಇಪ್ಪತ್ತು ದಿನ ಆತ್ರಿ. ಒಲಿ ಹೊಗಿಗೆ ಅಂದ್ಕೊಂಡಿದ್ದೆ.”

ವೀರಬಸಮ್ಮ ಕಫ ಪರೀಕ್ಷೆಯ ಡಬ್ಬಿ ತೆಗೆದು ಅವಳ ಕೈಗಿಟ್ಟಳು. ಬೆಳಗ್ಗೆ ಇಬ್ಬರೂ ಮಕ್ತಲ್ ದವಾಖಾನೆಗೆ ಬರಬೇಕೆಂದಳು. ಕುರುಮಯ್ಯನ ನಗು ಇಂಗಿಹೋಗಿತ್ತು.

“ತಂಗಿ, ಆಕಿಗೂ ಅದ ಬಂದಿದ್ರ ಗುಳಿಗಿನೇ ಕೊಡು. ಅಣಬೆ ಗಿಣಬೆ ಬ್ಯಾಡ.”

“ಯಾಕ? ಪರೀಕ್ಷೆ ಮಾಡಬೇಕಲ್ಲ ನಿನಗ?”

“ಆಕಿ ಮ್ಯಾಲ ಬ್ಯಾಡ. ಅಷ್ಟು ಧೈರ್ಯ ನನಗಿಲ್ಲ.”

“ಆಕಿಗೇನು ನಿನ್ನ ಜೀವದ ಅಂಜಿಕಿ ಇಲ್ಲಂತ ಮಾಡಿಯೇನು?” ವೀರಬಸಮ್ಮ ಕೇಳಿದಳು. “ಹದಿನಾರು ದಿನ ಆಕಿ ಕಣ್ಣ ಮುಂದ ಕುಂತು ಆ ನೀರು ಕುಡದಿಯಲ್ಲ!”

ಕುರುಮಯ್ಯ ಹೆಂಡತಿಯ ಕಡೆ ನೋಡಿದ. ಅವಳು ಅಳುತ್ತಿದ್ದಳು. ಅವನು ಗುಳಿಗೆಗೆ ಕೈ ಚಾಚಿದ.