ಲೆಕ್ಕಕ್ಕೆ ಹಿಡಿಯದ ಕಾವು

ನಮ್ಮಪ್ಪ ಕುರಿ ಕಾಯುತ್ತಾನೆ. ನಾನು ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾ, ಉಳಿದ ಹೊತ್ತಿನಲ್ಲಿ ಎಳೆಯ ಗ್ರಹಗಳ ಬೆನ್ನು ಹತ್ತಿದವಳು. ಹೊಸದಾಗಿ ಹುಟ್ಟಿದ ನಕ್ಷತ್ರದ ಸುತ್ತ ಅನಿಲ ಮತ್ತು ಧೂಳಿನ ದೊಡ್ಡ ತಟ್ಟೆಯೊಂದು ತಿರುಗುತ್ತಿರುತ್ತದೆ. ಗ್ರಹಗಳು ಬೆಳೆಯುವುದು ಅದರೊಳಗೇ. ಆ ಅನಿಲದ ಸೆಳೆತಕ್ಕೆ ಅವುಗಳ ಕಕ್ಷೆ ಹೇಗೆ ಬದಲಾಗುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಒಂದು ಗ್ರಹವೂ ಉಳಿಯುತ್ತಿರಲಿಲ್ಲ. ಭೂಮಿಗಿಂತ ಚಿಕ್ಕದೊಂದನ್ನು ಇಟ್ಟರೆ ಸುತ್ತುತ್ತ ಸುತ್ತುತ್ತ ಒಳಕ್ಕೆ ಜಾರಿ ನಕ್ಷತ್ರದ ಬಾಯಿಗೆ ಬೀಳುತ್ತಿತ್ತು. ಹೀಗೇ ಆಗಿದ್ದರೆ ಇವತ್ತು ನಾವ್ಯಾರೂ ಇರಬಾರದಿತ್ತಲ್ಲ! ತಿಂಗಳೊಳಗೆ ತಪ್ಪು ಸಿಗದಿದ್ದರೆ ಪ್ರಬಂಧ ಕೈಬಿಡಿ ಎಂದರು ಮಾರ್ಗದರ್ಶಕರು. ನನಗೂ ಸಾಕುಸಾಕಾಗಿತ್ತು. ಬಿಟ್ಟೇಬಿಡುವುದೆಂದು ತೀರ್ಮಾನಿಸಿ, ಮೊದಲು ಅಪ್ಪನಿಗೆ ಹೇಳೋಣವೆಂದು ಮಾನ್ವಿ ಬಸ್ಸು ಹತ್ತಿದೆ.

ನಮ್ಮೂರು ದೇವದುರ್ಗದ ಕಡೆಯದಾದರೂ ಬೇಸಿಗೆಯಲ್ಲಿ ಅಪ್ಪ ಅಲ್ಲಿ ಸಿಗುವವನಲ್ಲ. ಭತ್ತ ಕೊಯ್ದ ಹೊಲಗಳಲ್ಲಿ ರೈತರು ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಳ್ಳುತ್ತಾರೆ. ಆ ಸಲ ಅವನ ಹಿಂಡು ಬಾಗಲವಾಡದಲ್ಲಿತ್ತು.

ನಡುಮಧ್ಯಾಹ್ನ. ಕುರಿಗಳೆಲ್ಲ ಬೇವಿನ ನೆರಳಲ್ಲಿ ತಲೆ ತಗ್ಗಿಸಿ, ಮೈಗೆ ಮೈ ಒತ್ತಿ ನಿಂತಿದ್ದವು. ಮಾತು ಹೇಗೆ ಶುರು ಮಾಡುವುದೆಂದು ತಿಳಿಯದೆ ನಾನು ಬದುವಿನ ಮೇಲೆ ಬಿಸಿಲಲ್ಲೇ ನಿಂತಿದ್ದೆ. ಅಪ್ಪ ಕುಳಿತಲ್ಲಿಂದಲೇ ಕೋಲು ಚಾಚಿ, "ಆ ಕುರಿಗಿ ಜ್ವರ ಬಂದದ" ಎಂದ.

"ಮುಟ್ಟಲಾರದ ಹೆಂಗ ಗೊತ್ತಾತು ಯಪ್ಪಾ?"

"ಅದರ ಹಿಂದ ನೋಡವ್ವಾ, ಜಾಗ ಖಾಲಿ ಅದ. ಮೈ ಸುಡಾಕತ್ತದ, ಹಿಂದಿನವು ಸರದಾವ. ಮುಂಜಾನಿ ನಡುವ ಇತ್ತು, ಈಗ ಅಂಚಿಗಿ ಬಂದದ."

ಹೋಗಿ ಕಿವಿ ಮುಟ್ಟಿದೆ. ಕೆಂಡದ ಹಾಗೆ ಸುಡುತ್ತಿತ್ತು. ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ನನ್ನ ತಪ್ಪು ಹೊಳೆಯಿತು. ಬೆಳೆಯುವ ಗ್ರಹದ ಮೇಲೆ ಕಲ್ಲುಚೂರುಗಳು ಸುರಿಯುತ್ತಲೇ ಇರುತ್ತವೆ, ಅದು ಕಾದಿರುತ್ತದೆ. ಆ ಕಾವನ್ನು ನಾನು ಸೊನ್ನೆ ಎಂದು ಬರೆದುಬಿಟ್ಟಿದ್ದೆ. ರಾಯಚೂರಿನವರೇ ಮಾಡಬಹುದಾದ ತಪ್ಪಿದು! ಬಸ್ಸಿನ ಸೀಟಿನಿಂದ ನಲ್ಲಿ ನೀರಿನವರೆಗೆ ಎಲ್ಲವೂ ಸುಡುವ ಊರಲ್ಲಿ ಕಾವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಹೇಳಲು ಬಂದದ್ದನ್ನು ಹೇಳದೆ ಹೊರಟುಬಿಟ್ಟೆ. ಹಿಂಡು ಬಿಟ್ಟು ಹತ್ತು ಹೆಜ್ಜೆ ಹೋಗದ ಅಪ್ಪ, ಅವತ್ತು ಜೊತೆಗಾರನಿಗೆ ಕುರಿ ಒಪ್ಪಿಸಿ ಬಸ್ಸಿನವರೆಗೂ ಬಂದ. 

ಕಾವು ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಬಿಸಿ ಗ್ರಹದ ಸುತ್ತಲಿನ ಅನಿಲ ಹಿಗ್ಗಿ ತೆಳುವಾಯಿತು, ಗ್ರಹದ ಮುಂದಿನದಕ್ಕಿಂತ ಹಿಂದಿನದು ಹೆಚ್ಚು. ಗ್ರಹವನ್ನು ಹಿಂದಕ್ಕೆಳೆದು ಬೀಳಿಸುತ್ತಿದ್ದ ಸೆಳೆತ ಸಡಿಲಾಗಿ, ಮುಂದಕ್ಕೆಳೆಯುವುದು ಗೆದ್ದಿತು. ಗ್ರಹ ಬೀಳುವುದನ್ನು ಬಿಟ್ಟು ಮೆಲ್ಲಗೆ ಹೊರಕ್ಕೆ ಸರಿಯಿತು. ಕುರಿಯ ಕಥೆಯೇ ಬೇರೆ, ಗ್ರಹದ ಕಥೆಯೇ ಬೇರೆ, ಅಷ್ಟು ನನಗೂ ಗೊತ್ತು. ಆದರೆ ಖಾಲಿ ಜಾಗ ನೋಡಿ ಕಾವು ಗುರುತಿಸುವ ಅಪ್ಪನ ಕಣ್ಣಿಗೆ ಕೈ ಮುಗಿಯಬೇಕೆನಿಸಿತು. ಫೋನ್ ಮಾಡಿದೆ.

"ಯಪ್ಪಾ, ನನ್ನ ಲೆಕ್ಕ ಸರಿ ಬಂತು. ಓದು ಬಿಡ್ತೀನಿ ಅಂತ ಹೇಳಾಕ ಬಂದಿದ್ದೆ ಅವತ್ತ."

"ಏನಂತ ಗೊತ್ತಿರಲಿಲ್ಲವ್ವಾ," ಎಂದ ಅಪ್ಪ. "ಬಂದಾಕಿ ನೆಳ್ಳಿಗಿ ಬರಲಾರದ ಅಂಚಿನ್ಯಾಗ ನಿಂತಿದ್ದಿ. ಅದಕ್ಕ ಬಸ್ಸಿನ ತನಕ ನಿನ್ನ ಜೋಡಿ ಬಂದೆ."