ಎತ್ತರದ ನಾದಿನಿಗೆ ಚೌಕಳಿ ಸೀರೆ

ಬೆಟಗೇರಿಯ ನಮ್ಮ ಮನೆಯಲ್ಲಿ ಅಂಗೈ ಅಗಲದ ಒಂದು ಕನ್ನಡಿ ಇತ್ತು. ಅದರಲ್ಲಿ ಹಣೆ ಕಂಡರೆ ಗದ್ದ ಕಾಣುತ್ತಿರಲಿಲ್ಲ. ಕುಂಕುಮ ಹಚ್ಚಿಕೊಳ್ಳಲು ಅಷ್ಟು ಸಾಕಾಗುತ್ತಿತ್ತು. ಉಟ್ಟ ಸೀರೆ ಮೈಮೇಲೆ ಹೇಗೆ ಕಾಣುತ್ತದೆ ಎಂದು ತಿಳಿಯಬೇಕಾದರೆ ಇನ್ನೊಬ್ಬರನ್ನು ಕೇಳಬೇಕು, ಇಲ್ಲವೇ ಆ ಸೀರೆಯನ್ನು ಇನ್ನೊಬ್ಬರ ಮೈಮೇಲೆ ಹಾಕಿ ನೋಡಬೇಕು. ಕೇಳಿದರೆ ಯಾರು ಖರೆ ಹೇಳುತ್ತಾರೆ? ಅದಕ್ಕೇ ನಮ್ಮ ಓಣಿಯ ಹೆಂಗಸರು ಹಾಕಿ ನೋಡುತ್ತಿದ್ದರು. ಹಾಕಿ ನೋಡಲು ಅವರಿಗೆ ಸಿಕ್ಕವಳು ನಾನು.

ನಾನೇನು ಜಾಣೆ ಎಂದಲ್ಲ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಈಗಲೂ ಅಕ್ಷರ ಒಂದೊಂದಾಗಿ ಕೂಡಿಸಿಕೊಂಡು ಬರೆಯುತ್ತಿದ್ದೇನೆ. ನನ್ನ ಮೈ ಎತ್ತರವೂ ಅಲ್ಲ, ಗಿಡ್ಡವೂ ಅಲ್ಲ, ದಪ್ಪವೂ ಅಲ್ಲ, ಬಡಕಲೂ ಅಲ್ಲ. ಗೂಟಕ್ಕೆ ಹಾಕಿದಂತೆ ಯಾವ ಸೀರೆಯಾದರೂ ನನ್ನ ಮೇಲೆ ನೆಟ್ಟಗೆ ಇಳಿಬೀಳುತ್ತಿತ್ತು. ಪಂಚಮಿ, ದೀಪಾವಳಿ ಹತ್ತಿರ ಬಂದರೆ ಸಾಕು, ನೇಕಾರರ ಮನೆಗೆ ಹೋಗುವಾಗ ನನ್ನನ್ನು ಕರೆದೊಯ್ಯುತ್ತಿದ್ದರು. ಸೆರಗು ನನ್ನ ಹೆಗಲ ಮೇಲೆ ಬೀಳುತ್ತಿತ್ತು. "ಯವ್ವಾ, ಭಾಳ ಚಂದ ಕಾಣ್ತೈತಿ. ಇದನ್ನ ಕೊಡ್ರಿ" ಎನ್ನುತ್ತಿದ್ದರು. ಮನೆಗೆ ಹೋಗಿ ತಾವು ಉಟ್ಟಾಗ ಅಷ್ಟು ಚಂದ ಆಗುತ್ತಿರಲಿಲ್ಲ. ಮರುದಿನ ನನ್ನ ಬಾಗಿಲಿಗೆ ಬರುತ್ತಿದ್ದರು.

"ನಿನ್ನ ಮೈಮ್ಯಾಲೆ ನೆಟ್ಟಗಿತ್ತಲ್ಲಬೇ, ನನಗ್ಯಾಕ ಹಿಂಗಾತು?"

"ಅದು ನನ್ನ ಮೈ, ಇದು ನಿನ್ನ ಮೈ" ಎಂದರೆ ಸಿಟ್ಟು ಮಾಡಿಕೊಂಡು ಎರಡು ದಿನ ಮಾತು ಬಿಡುತ್ತಿದ್ದರು.

ನನಗೂ ಇದರ ತಲೆಬುಡ ತಿಳಿದಿರಲಿಲ್ಲ. ದಪ್ಪಗಿದ್ದವರಿಗೆ ಚೌಕಳಿ ಸೀರೆ, ಅಂದರೆ ಚೌಕ ಚೌಕ ಗೆರೆಯ ಸೀರೆ, ಇನ್ನೂ ದಪ್ಪ ತೋರಿಸುತ್ತದೆ, ಅವರಿಗೆ ಉದ್ದ ಗೀರಿನದೇ ಆಗಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ಗಿಡ್ಡಗಿದ್ದವರು ಸಣ್ಣ ದಡಿಯದು, ಅಂದರೆ ಸಣ್ಣ ಅಂಚಿನದು, ಉಡಬೇಕು. ದೊಡ್ಡ ದಡಿ ಉಟ್ಟರೆ ಅರ್ಧ ಹೆಂಗಸು ದಡಿಯಲ್ಲೇ ಮುಳುಗಿಹೋಗುತ್ತಾಳೆ. ಸರಿ ಅಂದುಕೊಂಡೆ. ಆದರೆ ಮುಂಡರಗಿಯಲ್ಲಿದ್ದ ನನ್ನ ತಾಯಿ ಬಾಗಿಲ ತುಂಬ ಇದ್ದಳು, ಸಾಯುವ ತನಕ ಚೌಕಳಿ ಸೀರೆಯನ್ನೇ ಉಟ್ಟಳು. ಅವಳು ಹಬ್ಬದ ದಿನ ಹೊರಗೆ ಬಂದರೆ ಓಣಿಯವರು ಕೆಲಸ ಬಿಟ್ಟು ನೋಡುತ್ತಿದ್ದರು. ಹಾಗಾದರೆ ಈ ಮಾತೆಲ್ಲ ಯಾರಿಗೆ ಅನ್ವಯಿಸುತ್ತದೆ? ಕೇಳಿದರೆ, "ನಿಮ್ಮವ್ವನ ಮಾತ ಬ್ಯಾರೆ" ಎನ್ನುತ್ತಿದ್ದರು. ಯಾಕೆ ಬೇರೆ ಎಂದು ಯಾರೂ ಹೇಳಲಿಲ್ಲ.

ಇನ್ನು ನಮ್ಮ ಮನೆಯ ಪದ್ಧತಿ. ದೀಪಾವಳಿಗೆ ಸೊಸೆಯರಿಗೂ ಮಗಳಿಗೂ ಒಂದೇ ಮಗ್ಗದಿಂದ ಇಳಿಸಿದ, ಒಂದೇ ಬಣ್ಣದ, ಒಂದೇ ದಡಿಯ ಸೀರೆ. ನಮ್ಮತ್ತೆ ಹಾಕಿದ ಕಟ್ಟಳೆ ಅದು. ಒಬ್ಬಳಿಗೆ ಒಂದು ನೂಲು ಹೆಚ್ಚು ಕಂಡರೂ ಮನೆ ಒಡೆಯುತ್ತದೆ ಎಂಬುದು ಆಕೆಯ ಲೆಕ್ಕ. ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಗಿಡ್ಡ, ದುಂಡಗೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷ ಅತ್ತೆ ತಂದದ್ದು ಗೇಣಗಲದ ಕೆಂಪು ದಡಿಯ ಹಸಿರು ಚೌಕಳಿ ಸೀರೆ. ಮೂರು ಸೀರೆ. ನೆಗೆಣ್ಣಿ ತನ್ನದನ್ನು ಮೈಗೆ ಹಿಡಿದುಕೊಂಡು ನಿಂತಳು.

"ಅತ್ತಿ, ಇದರಾಗ ನಾ ಜ್ವಾಳದ ಚೀಲ ಕಂಡಂಗ ಕಾಣ್ತೇನಿ ನೋಡ್ರಿ."

"ಚೀಲಾದ್ರೇನಾತ, ತುಂಬಿದ ಚೀಲ ಆತಲ್ಲ. ಬರೇ ಚೀಲ ಆಗಿದ್ರ ಯಾರ ನೋಡ್ತಿದ್ರು?" ಎಂದು ಅತ್ತೆ ಎಲೆಗೆ ಸುಣ್ಣ ಹಚ್ಚಿದಳು.

ಮೂರನೆಯ ಸೀರೆ ನನ್ನ ನಾದಿನಿಗೆ. ಆ ದೀಪಾವಳಿಯಲ್ಲಿ ಇಡೀ ಮನೆ ತಲೆ ಕೆಡಿಸಿಕೊಂಡದ್ದು ಅವಳಿಗಾಗಿ. ಹುಡುಗಿ ಎತ್ತರ. ಅವಳ ಅಣ್ಣಂದಿರಿಗಿಂತಲೂ ಎತ್ತರ. ಅಟ್ಟದ ಮೇಲಿನ ಹಪ್ಪಳದ ಡಬ್ಬಿ ಇಳಿಸಲು ನಮಗೆ ಏಣಿ ಬೇಕು, ಅವಳಿಗೆ ಕೈ ಸಾಕು. ಮನೆಗೆಲಸಕ್ಕೆ ಅದು ಒಳ್ಳೆಯದೇ, ಮದುವೆಗೆ ಒಳ್ಳೆಯದಾಗಲಿಲ್ಲ. ಶಿರಹಟ್ಟಿಯಿಂದ ಒಬ್ಬ ಹುಡುಗ ಬಂದಿದ್ದ, ಅವನು ಅವಳ ಕಿವಿಗೆ ಬರುತ್ತಿದ್ದ. ಮುಂಡರಗಿಯಿಂದ ಒಬ್ಬ ಬಂದಿದ್ದ, ಅವನು ಹೆಗಲಿಗೆ. ಅವನ ಅಕ್ಕ, "ಊರಿಗೆ ಹೋಗಿ ತಿಳಸ್ತೀವ್ರಿ" ಎಂದು ಹೇಳಿ ಓಣಿಯ ತುದಿಯಲ್ಲಿ ನಕ್ಕದ್ದು ನಮಗೆ ಕೇಳಿಸಿತ್ತು. ಇನ್ನೊಂದು ಸಲ ಹಾಗೆ ಆದರೆ ಈ ಹುಡುಗಿಗೆ ಗಂಡು ಸಿಗುವುದು ಕಷ್ಟ ಎಂದು ನೆಂಟರು ಬಾಯಿ ಬಿಟ್ಟು ಹೇಳತೊಡಗಿದ್ದರು.

ಈಗ ಲಕ್ಷ್ಮೇಶ್ವರದ ಒಬ್ಬ ಶಾಲಾ ಮಾಸ್ತರ ತಾಯಿಯನ್ನು ಕರೆದುಕೊಂಡು ಪಾಡ್ಯದ ದಿನ ಬರುವವನಿದ್ದ. ಮಾತು ತಂದವರು ಅತ್ತೆಯ ಅಣ್ಣ, ಅಂದರೆ ನನ್ನ ಗಂಡನ ಸೋದರಮಾವ.

"ಹುಡುಗ ಎಷ್ಟ ಎತ್ತರ ಅದಾನೋ ಅಣ್ಣಾ?" ಎಂದು ಅತ್ತೆ ಕೇಳಿದಳು.

"ಎಲ್ಲಾರಷ್ಟ ಅದಾನವಾ. ಕುರ್ಚಿ ಮ್ಯಾಲೆ ಕುಂತಿದ್ದ, ನಾ ಏನ್ ಅಳತಿ ಪಟ್ಟಿ ಒಯ್ದಿದ್ನೇನು?"

ಎಲ್ಲರಷ್ಟು ಎಂದರೆ ನಮ್ಮ ಹುಡುಗಿಗಿಂತ ಗಿಡ್ಡ. ಹುಡುಗಿಯನ್ನು ಗಿಡ್ಡ ಮಾಡಿ ತೋರಿಸಬೇಕು ಎಂದು ಅತ್ತೆ ಅಂದೇ ತೀರ್ಮಾನ ಮಾಡಿದಳು.

ಅದನ್ನು ಹೇಗೆ ಮಾಡುವುದು ಎಂದು ದಿನವೂ ಜಗಳ. ನೆಗೆಣ್ಣಿ ಹೇಳಿದ ಒಂದು ಮಾತು ಮಾತ್ರ ಎಲ್ಲರಿಗೂ ಒಪ್ಪಿಗೆಯಾಯಿತು: "ಈ ಸೀರಿ ನನ್ನ ಗಿಡ್ಡ ಮಾಡ್ತೈತೆಲ್ಲ, ಅಕೀನೂ ಮಾಡ್ಲಿ." ದೊಡ್ಡ ದಡಿ, ದೊಡ್ಡ ಚೌಕಳಿ, ಒಳಗೆ ಎರಡು ಲಂಗ, ಅಗಲ ನಿರಿಗೆ. ತುರುಬು ಮೇಲಕ್ಕೆ ಕಟ್ಟಬಾರದು, ಕುತ್ತಿಗೆಯ ಮೇಲೆ ಇಳಿಸಬೇಕು. ಹೂವನ್ನೂ ಕೆಳಗೇ ಮುಡಿಸಬೇಕು. ಇಷ್ಟು ಮಾಡಿದ ಮೇಲೆ ಅವಳಿಗೆ ಆ ಸೀರೆ ಕಣಕಾಲಿಗೇ ನಿಂತಿತು, ಯಾಕೆಂದರೆ ಸೀರೆಯ ಪನ್ನ, ಅಂದರೆ ಅಗಲ, ಎಲ್ಲರಿಗೂ ಒಂದೇ, ಕಾಲು ಒಂದೇ ಅಲ್ಲ. ಮೇಲೆ ಸೊಂಟದ ಕಡೆ ಹಳೆಯ ಪಂಜೆಯ ಬಿಳಿ ಪಟ್ಟಿ ಒಂದನ್ನು ಹೊಲಿದು ಸೀರೆಯನ್ನು ಕೆಳಗೆ ಇಳಿಸಿದೆವು. ಲಂಗದೊಳಗೆ ಸಿಕ್ಕಿಸಿದರೆ ಅದು ಕಾಣುತ್ತಿರಲಿಲ್ಲ.

ಇಷ್ಟಾದರೂ ಅತ್ತೆಗೆ ಸಮಾಧಾನ ಆಗಲಿಲ್ಲ. ಸೀರೆಯೊಳಗೆ ಮೊಣಕಾಲು ಸ್ವಲ್ಪ ಬಗ್ಗಿಸಿ ನಿಲ್ಲುವುದನ್ನು ಕಲಿ ಎಂದಳು. ಅಂಗಳದಲ್ಲಿ ಹುಡುಗಿಯನ್ನು ನಿಲ್ಲಿಸಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದಳು.

"ಇನ್ನೂ ಬಗ್ಗ. ಇನ್ನೂ. ಹಾಂ, ಈಗ ಅಕಿ ಹಣೀಗೆ ಬಂದಿ."

"ಇದರಕಿಂತ ನನ್ನ ಕಾಲ ಕಡದ ಇಟ್ಟಬಿಡ್ರಿ, ಗೋಜಲ ಮುಗೀತು" ಎಂದಳು ನಾದಿನಿ.

"ಬಾಯಿ ಮುಚ್ಚಲೇ. ಬಾಯೂ ಉದ್ದಾತು."

ಹುಡುಗಿ ಚಂದ ಕಾಣುತ್ತಾಳೋ ಇಲ್ಲವೋ ಎಂದು ನನ್ನನ್ನು ಕೇಳಿದರು. ಖರೆ ಹೇಳಬೇಕೆಂದರೆ ನನಗೆ ತಿಳಿಯಲಿಲ್ಲ. ಒಂದು ಕಡೆಯಿಂದ ನೋಡಿದರೆ ಗಿಡ್ಡ ಕಂಡಳು. ಇನ್ನೊಂದು ಕಡೆಯಿಂದ ನೋಡಿದರೆ ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿದಂತೆ ಕಂಡಳು. "ಆತು, ಗಿಡ್ಡ ಆಗ್ಯಾಳ" ಎಂದೆ. ಅವರು ಕೇಳಿದ್ದು ಚಂದ, ನಾನು ಹೇಳಿದ್ದು ಗಿಡ್ಡ. ಅದನ್ನು ಯಾರೂ ಗಮನಿಸಲಿಲ್ಲ.

ಪಾಡ್ಯದ ದಿನ ಮಧ್ಯಾಹ್ನ ಅವರು ಬಂದರು. ನಾವು ಹೆಂಗಸರು ಅಡುಗೆಮನೆಯಲ್ಲಿದ್ದೆವು. ಮುಂಬಾಗಿಲ ಕಡೆ ಧಡ್ ಎಂದು ಸಪ್ಪಳವಾಯಿತು. "ಅಯ್ಯ, ಹತ್ತಿತೇನ್ರಿ? ಬಾಗಲ ಸಣ್ಣದ ಐತ್ರಿ" ಎಂದು ಸೋದರಮಾವ ಹೇಳುವುದು ಕೇಳಿಸಿತು. ನಾನು ಗೋಡೆಯ ಮರೆಯಿಂದ ಇಣುಕಿದೆ. ಹುಡುಗ ಹಣೆ ಒತ್ತಿಕೊಂಡು ಪಡಸಾಲೆಯಲ್ಲಿ ನಿಂತಿದ್ದ. ಅವನ ತಲೆ ನಮ್ಮ ತೊಲೆಗೆ ಒಂದು ಗೇಣು ಕಡಿಮೆ. ಅವನ ಪಕ್ಕದಲ್ಲಿ ಅವನ ತಾಯಿ, ಚಿಕ್ಕ ಮೈಯ, ಚೂಪು ಮೂಗಿನ ಹೆಂಗಸು, ಬಟ್ಟೆಯ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ನಾನು ಒಳಗೆ ಬಂದು, "ಅತ್ತಿ, ಹುಡುಗ ತೊಲಿಗೆ ಹತ್ತತಾನ" ಎಂದೆ.

"ಏನಂದಿ?"

"ನಮ್ಮ ಹುಡುಗಿಕಿಂತ ಎತ್ತರ ಅದಾನ."

ಅತ್ತೆ ನನ್ನ ಮುಖ ನೋಡಿದಳು, ನೆಗೆಣ್ಣಿ ನಾದಿನಿಯ ಮುಖ ನೋಡಿದಳು. ನಾದಿನಿ ಎರಡು ಲಂಗ, ಬಿಳಿ ಪಟ್ಟಿ, ದೊಡ್ಡ ದಡಿಯ ಸಮೇತ ಮೊಣಕಾಲು ಬಗ್ಗಿಸಿ ತಯಾರಾಗಿ ನಿಂತಿದ್ದಳು. ಎಲ್ಲ ಬಿಚ್ಚಿ ಬೇರೆ ಉಡಿಸೋಣ ಎಂದರೆ ಹೊರಗಿನಿಂದ ಆಗಲೇ, "ಹುಡುಗೀನ ಕರೀರಿ, ನಮಗ ಬಸ್ಸೈತ್ರಿ" ಎಂದು ಆ ತಾಯಿ ಕೂಗುತ್ತಿದ್ದಳು.

ಹುಡುಗಿ ಹೋಗಿ ಮಣೆಯ ಮೇಲೆ ಕೂತಳು. ಕೂತರೆ ಕೇಳಬೇಕೇ, ಎಲ್ಲ ಬಟ್ಟೆಯೂ ಅವಳ ಸುತ್ತ ಗುಡ್ಡೆಯಾಯಿತು. ನಮ್ಮ ಕಡೆ ಹುಡುಗಿ ಒಪ್ಪಿಗೆಯಾದರೆ ಅಲ್ಲೇ ಉಡಿ ತುಂಬುತ್ತಾರೆ, ಖಣ, ಕಾಯಿ, ಅಕ್ಕಿ ಸೆರಗಿನಲ್ಲಿ ಹಾಕುತ್ತಾರೆ. ಅವೆಲ್ಲ ಆ ಕೈಚೀಲದಲ್ಲಿ ಇದ್ದವು. ಕಾಯಿಯ ಗುಂಡು ಹೊರಗಿನಿಂದಲೇ ಕಾಣುತ್ತಿತ್ತು. ನಾವೆಲ್ಲ ಆ ಹೆಂಗಸಿನ ಕೈ ನೋಡುತ್ತ ನಿಂತೆವು. ಕೈ ಚೀಲದೊಳಗೆ ಹೋಗಲಿಲ್ಲ. ಚೀಲದ ಬಾಯಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

"ಹುಡುಗಿ ಲಕ್ಷಣ ಅದಾಳ್ರಿ. ಆದ್ರ ಗಿಡ್ಡಿ ಆದ್ಲು. ನಮ್ಮವ ನೋಡ್ರಿ, ಹಿಂಗ ಬೆಳದಾನ. ಎತ್ತರನ ಹುಡುಗಿ ಬೇಕಂತ ಊರೂರ ತಿರಗಾಕತ್ತೇವಿ."

ನಮ್ಮ ಮನೆಯ ಹುಡುಗಿಗೆ ಗಿಡ್ಡಿ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ನೆಗೆಣ್ಣಿಗೆ ನಗು ಬಂದು ಸೆರಗು ಬಾಯಿಗೆ ತುರುಕಿಕೊಂಡಳು. ಅತ್ತೆ ಮರ್ಯಾದೆ ಬಿಟ್ಟು ಪಡಸಾಲೆಗೆ ನುಗ್ಗಿದಳು.

"ಎದ್ದ ನಿಂದರವಾ, ಎದ್ದ ನಿಂದರ!"

ನಾದಿನಿ ಎದ್ದಳು. ಕಲಿಸಿದ್ದನ್ನು ಮರೆಯದೆ ಮೊಣಕಾಲು ಬಗ್ಗಿಸಿಯೇ ನಿಂತಳು.

"ನೆಟ್ಟಗ ನಿಂದರ!"

"ನಿನ್ನೆ ಬಗ್ಗು ಅಂದಿ, ಇವತ್ತ ನೆಟ್ಟಗಾಗು ಅಂತಿ. ಯಾವದರ ಒಂದ ಹೇಳ ಯವ್ವಾ, ನನಗೂ ಸಾಕಾಗೇತಿ" ಎಂದು ಗಂಡಿನವರ ಮುಂದೆಯೇ ಹೇಳಿ ಅವಳು ಪೂರ್ತಿ ಎದ್ದು ನಿಂತಳು. ಮೊಣಕಾಲು ಬಗ್ಗಿಸಿದ ಅಳತೆಗೆ ಉಡಿಸಿದ ಸೀರೆ ಸರ್ರನೆ ಮೇಲೆ ಹೋಯಿತು. ಕೆಳಗೆ ಕಣಕಾಲು, ಎರಡು ಬಣ್ಣದ ಎರಡು ಲಂಗ. ಸೊಂಟದಲ್ಲಿ ಬಿಳಿ ಪಟ್ಟಿ ಹೊರಗೆ ಇಣುಕಿತು.

ಗಂಡಿನ ತಾಯಿ ತಲೆ ಎತ್ತಿ ಎತ್ತಿ ನೋಡಿದಳು. ಆಮೇಲೆ ಅವಳ ಮುಖ ಬೇರೆಯಾಯಿತು.

"ಇದೇನ್ರಿ ಇದು? ಆಗ ಅಷ್ಟಿದ್ಲು, ಈಗ ಇಷ್ಟಾದ್ಲು. ಕಾಲಿಗೇನರ ಊನ ಐತೇನು? ಮುಚ್ಚಿ ತೋರಸಾಕತ್ತೀರೇನು?"

ಎತ್ತರ ಮುಚ್ಚಿದ್ದೆವು ಎಂದು ಹೇಳುವ ಹಾಗಿಲ್ಲ. ಹೇಳಿದರೆ ಇನ್ನೇನು ಮುಚ್ಚಿದ್ದೀರಿ ಎನ್ನುತ್ತಾರೆ. ಸೋದರಮಾವ ಕೆಮ್ಮಿದರು. ಅತ್ತೆ, "ಹಬ್ಬದಾಗ ನಮ್ಮ ಬೆಟಗೇರಿ ಕಡೆ ಹಿಂಗ ಉಡ್ತೇವ್ರಿ" ಎಂದಳು. ಹಾಗೆ ಯಾರೂ ಉಡುವುದಿಲ್ಲ ಎನ್ನುವುದಕ್ಕೆ ಅದೇ ಸೀರೆ ಉಟ್ಟ ನಾನು ಮತ್ತು ನೆಗೆಣ್ಣಿ ಬಾಗಿಲಲ್ಲೇ ನಿಂತಿದ್ದೆವು.

"ಹಂಗಾದ್ರ ಹುಡುಗಿ ನಡದ ತೋರಸ್ಲಿ. ಹಿತ್ತಲ ಮಟಾ ಹೋಗಿ ಬರ್ಲಿ" ಎಂದಳು ಆ ತಾಯಿ.

"ನಡೀತೇನ್ರಿ" ಎಂದಳು ನಾದಿನಿ. "ಅವರೂ ನಡೀಲಿ. ಬಾಗಲಾ ಕಾಣದ ಹಾಯ್ದಾರ. ಕಣ್ಣ ಕಾಣ್ತಾವೋ ಇಲ್ಲೋ, ನಾವೂ ನೋಡಬೇಕಲ್ರಿ?"

ಮುಗಿಯಿತು ಎಂದುಕೊಂಡೆ. ಮೂರನೆಯವರೂ ಎದ್ದು ಹೋಗುತ್ತಾರೆ. ಅತ್ತೆ ಗೋಡೆಗೆ ಕೈ ಊರಿದಳು. ಹುಡುಗ ಮಾತ್ರ ಹಣೆಯ ಮೇಲಿನ ಕೈ ತೆಗೆದು, "ಬರೋಬ್ಬರಿ ಐತಿ" ಎಂದು ಎದ್ದುಬಿಟ್ಟ. ಇಬ್ಬರೂ ಹಿತ್ತಲಿಗೆ ನಡೆದರು, ಇವಳು ಮುಂದೆ, ಅವನು ಹಿಂದೆ. ಸೀರೆ ಕಣಕಾಲಿನ ಮೇಲೆ, ಪಟ್ಟಿ ಅರ್ಧ ಹೊರಗೆ, ತುರುಬು ಬಿಚ್ಚಿ ಬೆನ್ನಿಗೆ ಬಿದ್ದಿತ್ತು. ಅಷ್ಟು ಕೆಟ್ಟದಾಗಿ ಸೀರೆ ಉಟ್ಟವಳನ್ನು ನಾನು ಯಾವ ಹಬ್ಬದಲ್ಲೂ ನೋಡಿಲ್ಲ. ಕಾಲು ಮಾತ್ರ ನೆಟ್ಟಗೆ ಬೀಳುತ್ತಿದ್ದವು. ಅಲ್ಲಿ ಅವನೇನೋ ಕೇಳಿದ, ಇವಳೇನೋ ಹೇಳಿದಳು. ನಮಗೆ ಕೇಳಿಸಲಿಲ್ಲ. ವಾಪಸ್ಸು ಬರುವಾಗ ಅವನು ನಗುತ್ತಿದ್ದ.

"ತುಂಬಬೇ ಉಡಿ" ಎಂದ ತಾಯಿಗೆ.

ಆ ಹೆಂಗಸು ಮಗನ ಮುಖ ನೋಡಿದಳು, ಹುಡುಗಿಯ ಕಾಲು ನೋಡಿದಳು, ನಮ್ಮ ಸೀರೆಗಳನ್ನೂ ನೋಡಿದಳು. ಕೊನೆಗೆ ಕೈಚೀಲ ಬಿಚ್ಚಿದಳು. ಹುಡುಗಿಯನ್ನು ಕೂರಿಸಿ ಖಣ, ಕಾಯಿ, ಅಕ್ಕಿ ಹಾಕಿದಳು. ಹಾಕುತ್ತ ಹಾಕುತ್ತ ಅತ್ತೆಗೆ ಹೇಳಿದಳು: "ಮದುವಿ ಸೀರಿ ನಾವ ತರ್ತೇವ್ರಿ. ಉಡಸಾಕನೂ ನಮ್ಮವರ ಬರ್ತಾರ. ಈಕೀನ ಇವತ್ತ ಉಡಿಸಿದವರ ಯಾರರ ಇರ್ಲಿ, ಅವತ್ತ ಕೈ ಹಚ್ಚೂದ ಬ್ಯಾಡ."

ಅತ್ತೆ ನೆಗೆಣ್ಣಿಯ ಕಡೆ ಕೈ ಮಾಡಿದಳು, ನೆಗೆಣ್ಣಿ ನನ್ನ ಕಡೆ.

ಆ ಸೀರೆ ಮದುವೆಯನ್ನು ಕೆಡಿಸುತ್ತಿತ್ತೋ, ಕೂಡಿಸಿತೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಸಾದಾ ಸೀರೆ ಉಟ್ಟು ನೆಟ್ಟಗೆ ಬಂದಿದ್ದರೆ ಇಷ್ಟು ಗದ್ದಲವಿಲ್ಲದೆ ಒಪ್ಪುತ್ತಿದ್ದರು ಎನಿಸುತ್ತದೆ. ಗದ್ದಲ ಆಗದಿದ್ದರೆ ಅವಳು ಬಾಯಿ ತೆರೆಯುತ್ತಿರಲಿಲ್ಲ, ಅವನು ನಗುತ್ತಿರಲಿಲ್ಲ ಎಂದೂ ಎನಿಸುತ್ತದೆ. ಹಿತ್ತಲಲ್ಲಿ ಏನು ಕೇಳಿದ ಎಂದು ಅಂದೇ ಅವಳನ್ನು ಕೇಳಿದೆ. "ನಿಮ್ಮ ಬಾವಿ ನೀರ ಸಿಹಿ ಅದಾವೋ ಸವುಳೋ ಅಂತ ಕೇಳಿದ" ಎಂದಳು. ಮತ್ತೆ ಯಾಕೆ ನಕ್ಕ ಎಂದರೆ, "ನನಗೇನ ಗೊತ್ತು" ಎಂದು ಎರಡು ಲಂಗವನ್ನೂ ಬಿಚ್ಚಿ ನನ್ನ ಕೈಗೆ ಕೊಟ್ಟು, ಹೋಳಿಗೆ ತಿನ್ನಲು ಕೂತಳು.